"ಯಾರಿಗೆ ಓದ್ಲಿ, ಟೀಚರ್?": ಪುಟ್ಟ ಶಾಲೆಯಲ್ಲಿ ಓದಿನ ಹಬ್ಬ ಮಾಡುವುದು ಹೀಗೆ

ಮೊದಲ ಸಲ ನಮ್ಮ ಶಾಲೆಯಲ್ಲಿ ಓದಿನ ಹಬ್ಬ ಮಾಡಿದಾಗ ಶಾಮಿಯಾನ ಹಾಕಿಸಿದ್ದೆವು. ಮೈಕ್ ತರಿಸಿದ್ದೆವು. ಚೆನ್ನಾಗಿ ಓದುವ ಆರು ಮಕ್ಕಳನ್ನು ಆರಿಸಿ, ಎರಡು ವಾರ ಒಂದೇ ಪಾಠ ಓದಿಸಿ ಓದಿಸಿ ಬಾಯಿಪಾಠವೇ ಮಾಡಿಸಿಬಿಟ್ಟಿದ್ದೆವು. ಆರು ಜನ ಓದಿದರು, ಮೂವರಿಗೆ ಬಹುಮಾನ ಬಂತು. ಉಳಿದ ನಲವತ್ತು ಮಕ್ಕಳು ಚಾಪೆ ಮೇಲೆ ಕೂತು ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದು ಕುರ್ಚಿ ಎತ್ತಿಡುತ್ತಿದ್ದೆ. ಮೂರನೇ ತರಗತಿಯ ಒಬ್ಬ ಹುಡುಗ ಪುಸ್ತಕ ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ಬಂದು ನಿಂತ. ಅವನ ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುವವರು. "ಟೀಚರ್, ನಾನೂ ಒಂದು ಕಥೆ ಕಲ್ತಿದೀನಿ. ಯಾರಿಗೆ ಓದ್ಲಿ?" ಅಂದ.

ಅವನ ಕಥೆಯನ್ನು ಅಲ್ಲೇ ಕುರ್ಚಿ ಮೇಲೆ ಕೂತು ಕೇಳಿದೆ. ಮಾರನೇ ವರ್ಷದಿಂದ ನಮ್ಮ ಹಬ್ಬದ ರೀತಿಯೇ ಬದಲಾಯಿತು. ಈಗ ಪ್ರತಿ ಮಗುವೂ ಓದುತ್ತದೆ, ಪ್ರತಿ ಮಗುವಿಗೂ ಕೇಳುವವರು ಒಬ್ಬರು ಇರುತ್ತಾರೆ. ಬೇಲೂರು ತಾಲ್ಲೂಕಿನ ನಮ್ಮದು 46 ಮಕ್ಕಳು, ಮೂರು ಜನ ಟೀಚರ್‌ಗಳ ಶಾಲೆ. ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಇಂಥ ಶಾಲೆಗಳೇ ಜಾಸ್ತಿ ಅಲ್ವಾ? ನಾವು ಮಾಡುವ ಕ್ರಮವನ್ನು ಇದ್ದ ಹಾಗೆ ಬರೆದಿದ್ದೇನೆ. ನಿಮ್ಮ ಊರಿಗೆ ಹೊಂದುವಷ್ಟನ್ನು ತೆಗೆದುಕೊಳ್ಳಿ.

ದಿನ ಗೊತ್ತು ಮಾಡುವಾಗ

ಮಲೆನಾಡಿನ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಇದರ ಗೋಜಿಗೆ ಹೋಗಬೇಡಿ. ಮಳೆ ರಜೆ ಯಾವತ್ತು ಕೊಡುತ್ತಾರೋ ಗೊತ್ತಿರುವುದಿಲ್ಲ. ಹೊರಗೆ ಕೂರಲು ಜಾಗ ಇರುವುದಿಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಮಗುವಿನ ಸಣ್ಣ ದನಿ ಪಕ್ಕದವರಿಗೂ ಕೇಳಿಸುವುದಿಲ್ಲ.

ನಮಗೆ ಹೊಂದಿದ್ದು ನವೆಂಬರ್ 14ರಿಂದ 20ರವರೆಗಿನ ವಾರ. 14 ಮಕ್ಕಳ ದಿನಾಚರಣೆ, ಆ ವಾರ ಪೂರ್ತಿ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಳೆ ಹಿಂದಾಗಿರುತ್ತದೆ. ಅರೇಬಿಕಾ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಡಿಸೆಂಬರ್‌ಗೆ ತಳ್ಳಿದರೆ ಅಪ್ಪ ಅಮ್ಮಂದಿರು ಹಣ್ಣು ಕೊಯ್ಯಲು ಹೋಗಿರುತ್ತಾರೆ, ಶಾಲೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಯಲು ಸೀಮೆ ಕಡೆಯ ಶಾಲೆಯಾದರೆ ರಾಗಿ ಕೊಯ್ಲು, ಒಕ್ಕಣೆ ನೋಡಿಕೊಳ್ಳಿ. ಅಲ್ಲಿ ಫೆಬ್ರವರಿ ಒಳ್ಳೆಯದು.

ವಾರದ ಯಾವ ದಿನ ಅನ್ನುವುದನ್ನು ತಾಯಂದಿರನ್ನೇ ಕೇಳಿ. ನಮ್ಮ ಕಡೆ ಎಷ್ಟೋ ತೋಟಗಳಲ್ಲಿ ಸಂತೆ ದಿನವೇ ರಜೆ. ಬೆಳಿಗ್ಗೆ ಹತ್ತಕ್ಕೆ ಹಬ್ಬ ಶುರು ಮಾಡಿ, ಬಿಸಿಯೂಟಕ್ಕೆ ಮುಗಿಸಿದರೆ ಅವರು ಮಧ್ಯಾಹ್ನ ಸಂತೆಗೂ ಹೋಗಬಹುದು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ದಿನ ಒಪ್ಪಿಗೆಯಾಗಲಿ. ಆಮೇಲೆ ಯಾವ ಅತಿಥಿಗೋಸ್ಕರವೂ ಅದನ್ನು ಬದಲಿಸಬೇಡಿ.

ಮೊದಲ ಕೆಲಸ: ಪ್ರತಿ ಮಗುವನ್ನೂ ಮೂರು ನಿಮಿಷ ಕೇಳುವುದು

ಇದನ್ನು ದಸರಾ ರಜೆಗೆ ಮುಂಚೆಯೇ ಮುಗಿಸಿ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ಮಗುವಿಗೆ ಒಂದು ಪುಟ ಇಡಿ. ಒಬ್ಬೊಬ್ಬರನ್ನೇ ಜಗುಲಿಗೆ ಕರೆದು, ಅವರಿಗೆ ಇಷ್ಟವಾದ ಪುಸ್ತಕ ಕೊಟ್ಟು ಓದಿಸಿ. 46 ಮಕ್ಕಳಿಗೆ ಒಟ್ಟು ಎರಡೂಕಾಲು ಗಂಟೆ ಹಿಡಿಯುತ್ತದೆ. ಒಂದು ವಾರಕ್ಕೆ ಹಂಚಿಕೊಂಡರೆ ದಿನಕ್ಕೆ ಅರ್ಧ ಗಂಟೆಯೂ ಆಗಲ್ಲ.

ಅಂಕ ಹಾಕಬೇಡಿ. ಕಂಡಿದ್ದನ್ನು ಬರೆಯಿರಿ. ಅಕ್ಷರ ಗುರುತಿಸುತ್ತಾನಾ, ಪದ ಕೂಡಿಸಿ ಓದುತ್ತಾನಾ, ವಾಕ್ಯ ಓದುತ್ತಾನಾ, ಓದಿದ ಕಥೆಯನ್ನು ತಿರುಗಿ ಹೇಳುತ್ತಾನಾ, ಅಷ್ಟು ಸಾಕು. ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ತರಗತಿಯ ಒಬ್ಬಳು "ಕತ್ತೆ ಬಂತು" ಅನ್ನುವುದನ್ನು "ಕತೆ ಬಂತು" ಎಂದು ಓದಿದಳು. ಓದಿ ಸುಮ್ಮನೆ ಮುಂದೆ ಹೋಗಲಿಲ್ಲ. ಚಿತ್ರ ನೋಡಿದಳು, ಅಲ್ಲಿ ಕತ್ತೆ ನಿಂತಿದೆ. ಮತ್ತೆ ಅಕ್ಷರ ನೋಡಿದಳು. ತ ಅಡಿಯ ಒತ್ತಿನ ಮೇಲೆ ಬೆರಳಿಟ್ಟು, ತುಟಿಯಲ್ಲೇ ಎರಡು ಸಲ ಹೇಳಿಕೊಂಡು, "ಕತ್...ತೆ!" ಅಂದಳು. ನನ್ನ ನೋಟ್‌ಬುಕ್ಕಿನಲ್ಲಿ ಅವತ್ತು ಬರೆದದ್ದು: "ಒತ್ತಕ್ಷರ ಬಿಡುತ್ತಾಳೆ, ಆದರೆ ಅರ್ಥ ಕೂಡಲಿಲ್ಲ ಅಂದರೆ ತಾನೇ ಹಿಂದೆ ಬಂದು ಸರಿಮಾಡಿಕೊಳ್ಳುತ್ತಾಳೆ." ಅಂಕಪಟ್ಟಿಯಲ್ಲಿ ಇದನ್ನು ಬರೆಯಲು ಎಲ್ಲೂ ಜಾಗವಿಲ್ಲ. ಆ ಮಗುವಿನ ಕಲಿಕೆಯಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೂ ಇಲ್ಲ.

ಒಂದರಿಂದ ಮೂರನೇ ತರಗತಿವರೆಗಿನ ಟೀಚರ್‌ಗಳಿಗೆ ಈ ಲೆಕ್ಕ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ನಲಿ-ಕಲಿ ಕಲಿಕಾ ಪದ್ಧತಿಯೇ ಹೀಗೆ ಅಲ್ವಾ? ರ, ಗ, ಸ, ದ, ಅ ಎಂದು ಶುರುವಾಗಿ ಮಗು ತನ್ನ ಹೆಜ್ಜೆಯಲ್ಲಿ ಏಣಿ ಹತ್ತುತ್ತದೆ. ಪಕ್ಕದವರು ಎಷ್ಟನೇ ಮೆಟ್ಟಿಲಲ್ಲಿದ್ದಾರೆ ಅನ್ನುವುದು ಮುಖ್ಯವಲ್ಲ. ಹಬ್ಬದಲ್ಲೂ ಅದೇ ಕಣ್ಣಿನಿಂದ ನೋಡಿ, ದೊಡ್ಡ ತರಗತಿಗಳಿಗೂ ಅದನ್ನೇ ಹಿಡಿಯಿರಿ.

ಮನೆಯವರು ಒಪ್ಪಿದರೆ ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಬ್ಬದ ಹಿಂದಿನ ವಾರ ಅದೇ ಪುಟವನ್ನು ಮತ್ತೆ ಓದಿಸಿ, ಎರಡನ್ನೂ ಆ ಮಗುವಿಗೆ ಮಾತ್ರ ಕೇಳಿಸಿ. ತನ್ನ ದನಿ ಬದಲಾಗಿದ್ದು ಅದಕ್ಕೆ ಗೊತ್ತಾಗುತ್ತದೆ. ವಾಟ್ಸಾಪ್ ಗ್ರೂಪಿಗೆ ಮಾತ್ರ ದಯವಿಟ್ಟು ಹಾಕಬೇಡಿ. ತಡವರಿಸಿದ ಓದು ಊರೆಲ್ಲ ಸುತ್ತಿದರೆ ಆ ಮಗು ಮುಂದೆ ಬಾಯಿ ತೆರೆಯಲ್ಲ.

ಪುಸ್ತಕಗಳು ಬೀರುವಿನಿಂದ ಆಚೆ ಬರಲಿ

ಬಹಳಷ್ಟು ಶಾಲೆಗಳಲ್ಲಿ ಪುಸ್ತಕ ಇವೆ, ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ. ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನುವ ಭಯ ನನಗೂ ಇತ್ತು. ಆದರೂ ತೆಗೆಯಿರಿ. ಗೋಡೆಯಿಂದ ಗೋಡೆಗೆ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ನೈಲಾನ್ ದಾರ ಕಟ್ಟಿ, ಪುಸ್ತಕಗಳನ್ನು ಮುಖಪುಟ ಕಾಣುವಂತೆ ನೇತುಹಾಕಿ. ಬೆನ್ನು ಕಾಣುವಂತೆ ಜೋಡಿಸಿದ ಪುಸ್ತಕವನ್ನು ಸಣ್ಣ ಮಕ್ಕಳು ಮುಟ್ಟುವುದೇ ಇಲ್ಲ.

ಪುಸ್ತಕ ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಲೈಬ್ರರಿಯ ಸದಸ್ಯತ್ವ ಉಚಿತವಾಗಿದೆ. ಅಲ್ಲಿನ ಮೇಲ್ವಿಚಾರಕರನ್ನು ಹಬ್ಬಕ್ಕೇ ಕರೆದು, ಎಲ್ಲರ ಸದಸ್ಯತ್ವವನ್ನೂ ಅವತ್ತೇ ಮಾಡಿಸಿಬಿಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಕಥೆಗಳು ಹಂತ ಹಂತವಾಗಿ ವಿಂಗಡಿಸಿ ಇಟ್ಟಿವೆ. ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ತೆಗೆದುಕೊಳ್ಳಬಹುದು.

ಇವೆಲ್ಲಕ್ಕಿಂತ ಚೆನ್ನಾಗಿ ಓಡುವ ಪುಸ್ತಕ ಅಂದರೆ ಮಕ್ಕಳೇ ಮಾಡಿದ್ದು. ಒಂದು ಎ4 ಹಾಳೆ, ಒಂದು ಕತ್ತರಿ ಸಾಕು. ಹಾಳೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧ, ಮತ್ತೆ ಅರ್ಧ. ಬಿಡಿಸಿದರೆ ಎಂಟು ಮನೆ ಕಾಣುತ್ತವೆ. ಈಗ ಎರಡು ಗಿಡ್ಡ ಅಂಚುಗಳು ಒಂದರ ಮೇಲೊಂದು ಬರುವ ಹಾಗೆ ಒಂದೇ ಸಲ ಮಡಚಿ. ಮಡಚಿದ ಕಡೆಯಿಂದ ನಡುಗೆರೆಯ ಮೇಲೆ ಕತ್ತರಿಸುತ್ತಾ ಹೋಗಿ, ಅಡ್ಡಗೆರೆ ಸಿಕ್ಕ ಕೂಡಲೇ ನಿಲ್ಲಿಸಿ. ತುದಿವರೆಗೆ ಹೋದರೆ ಹಾಳೆ ಎರಡಾಗುತ್ತದೆ, ಸಣ್ಣವರ ಪಕ್ಕದಲ್ಲಿ ಇಲ್ಲಿ ಯಾರಾದರೂ ಕೂತಿರಬೇಕು. ಮತ್ತೆ ಪೂರ್ತಿ ಬಿಡಿಸಿ, ಈ ಸಲ ಉದ್ದುದ್ದಕ್ಕೆ ಮಡಚಿ. ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ ನಡುವಿನ ಸೀಳು ಬಾಯಿ ತೆರೆದು ಕೂಡಿಸುವ ಚಿಹ್ನೆಯಂತೆ ನಿಲ್ಲುತ್ತದೆ. ಅದನ್ನು ಸುತ್ತಿ ಮಡಚಿ ಒತ್ತಿದರೆ ಎಂಟು ಪುಟದ ಪುಸ್ತಕ. ಅಂಟು ಬೇಡ, ಪಿನ್ ಬೇಡ.

ಒಳಗೆ ಏನು ಬರೆಯಬೇಕು? "ಅಜ್ಜಿ ಹತ್ತಿರ ಒಂದು ಕಥೆ ಕೇಳಿಕೊಂಡು ಬನ್ನಿ" ಎಂದು ರಜೆಗೆ ಮುಂಚೆ ಹೇಳಿ ಕಳಿಸಿ. ಹುಲಿ ಕೊಟ್ಟಿಗೆಗೆ ಬಂದಿದ್ದು, ಆನೆ ಬಾಳೆ ತಿಂದಿದ್ದು, ಹೊಳೆ ಬಂದು ಬಸ್ ನಿಂತಿದ್ದು, ಎಲ್ಲ ಬರುತ್ತದೆ. ಪುಟಕ್ಕೆ ಒಂದು ಸಾಲು, ಒಂದು ಚಿತ್ರ. ಮನೆಯಲ್ಲಿ ಉರ್ದು, ತಮಿಳು, ತುಳು, ಲಂಬಾಣಿ ಮಾತಾಡುವ ಮಕ್ಕಳಿದ್ದರೆ ಅವರ ಮಾತಿನ ಸಾಲನ್ನು ಕನ್ನಡ ಅಕ್ಷರದಲ್ಲಿ ಒಂದು ಕಡೆ, ಕನ್ನಡದ ಸಾಲನ್ನು ಎದುರು ಪುಟದಲ್ಲಿ ಬರೆಸಿ. ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ ಬರುವ ಮಕ್ಕಳಿಗೆ ಇದು ದೊಡ್ಡ ಧೈರ್ಯ ಕೊಡುತ್ತದೆ. ನನ್ನ ತರಗತಿಯಲ್ಲಿ ಅದುವರೆಗೆ ಬಾಯಿ ಬಿಡದ ಹುಡುಗಿ ತನ್ನ ಭಾಷೆಯಲ್ಲಿ ಕಾಗೆಗೆ ಏನಂತಾರೆ ಎಂದು ಎಲ್ಲರಿಗೂ ಹೇಳಿಕೊಟ್ಟಳು. ಅವಳ ಕಾಗೆ ಪುಸ್ತಕ ಈಗಲೂ ದಾರದ ಮೇಲಿದೆ, ಅಂಚು ಹರಿದಿದೆ, ಅಷ್ಟು ಕೈ ಬದಲಾಗಿದೆ.

ಕೇಳುವವರನ್ನು ಕರೆಯುವುದು

ಇಡೀ ಹಬ್ಬದ ಜೀವ ಇಲ್ಲಿದೆ, ಇದಕ್ಕೆ ಸಮಯ ಕೊಡಿ. ಎಷ್ಟು ಮಕ್ಕಳೋ ಅಷ್ಟು ಜನ ಕೇಳುವವರು ಬೇಕು. ಕಷ್ಟವೇನಿಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಬಂದೇ ಬರುತ್ತಾರೆ. ಬರಲಾಗದ ಮನೆಯ ಮಕ್ಕಳಿಗೆ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್, ಹಾಲಿನ ಡೈರಿಯಲ್ಲಿ ಹಾಲು ಅಳೆಯುವವರು, ಬಸ್‌ಸ್ಟಾಪ್ ಅಂಗಡಿಯವರು, ಹೈಸ್ಕೂಲಿಗೆ ಹೋದ ಹಳೇ ವಿದ್ಯಾರ್ಥಿಗಳು ಇದ್ದಾರೆ. ಅಷ್ಟಾದರೂ ಒಂದೆರಡು ಜನ ಕಡಿಮೆಯಾಗುತ್ತಾರೆ, ಐದಾರು ಜನರನ್ನು ಜಾಸ್ತಿ ಕರೆದಿರಿ. ಕೇಳುವವರಿಲ್ಲದೆ ಒಂದು ಮಗುವೂ ಕಾಯುತ್ತಾ ನಿಲ್ಲಬಾರದು.

ಕರೆಯುವುದು ಮಕ್ಕಳೇ. ರಟ್ಟಿನ ತುಂಡಿನ ಮೇಲೆ ಅವರ ಕೈಯಲ್ಲೇ ಬರೆಸಿ: "ನಾನು ನಿಮಗೆ ಒಂದು ಕಥೆ ಓದುತ್ತೇನೆ. ಬನ್ನಿ." ಕೆಳಗೆ ಹೆಸರು, ದಿನ. ಹೆಡ್ ಮಾಸ್ಟರ್ ಸಹಿ ಹಾಕಿದ ಛಾಪಿಸಿದ ಕಾರ್ಡಿಗೆ ಬಾರದವರೂ ಇದಕ್ಕೆ ಬರುತ್ತಾರೆ.

ಓದು ಬರದವರು ಹೇಗೆ ಕೇಳುತ್ತಾರೆ ಎಂದು ಕೆಲವರು ಕೇಳಿದರು. ಅವರೇ ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಾರೆ. ನಮ್ಮ ಬಿಸಿಯೂಟದ ಅಕ್ಕನಿಗೆ ಅಕ್ಷರ ಬರುವುದಿಲ್ಲ. ಸಾರಿಗೆ ಒಗ್ಗರಣೆ ಹಾಕಿ, ಕೈ ಸೆರಗಿಗೆ ಒರೆಸಿಕೊಂಡು ಬಂದು ನಾಲ್ಕನೇ ತರಗತಿ ಹುಡುಗನ ಎದುರು ಕೂತರು. ಅವನು ಒಂದು ಪುಟ ಓದಿ, ಪುಸ್ತಕವನ್ನು ಅವರ ಕಡೆ ತಿರುಗಿಸಿ ಚಿತ್ರ ತೋರಿಸಿದ. ಅವರು ಚಿತ್ರದ ಮೇಲೆ ಬೆರಳಿಟ್ಟು, "ಈ ಮುದುಕಿ ಯಾಕೆ ಅಳ್ತಾಳೆ?" ಅಂದರು. ಅವನಿಗೆ ಗೊತ್ತಿರಲಿಲ್ಲ. ಮತ್ತೆ ಹಿಂದಿನ ಪುಟಕ್ಕೆ ಹೋಗಿ ಓದಿ ಹುಡುಕಿದ. ನಾನು ಹತ್ತು ಸಲ "ಅರ್ಥ ಮಾಡಿಕೊಂಡು ಓದು" ಅಂದಿದ್ದೆ, ಹಾಗೆ ಹಿಂದಿನ ಪುಟಕ್ಕೆ ಹೋಗಿದ್ದನ್ನು ಕಂಡಿರಲಿಲ್ಲ.

ಶುರುವಾಗುವ ಮುಂಚೆ ಎಲ್ಲರನ್ನೂ ಐದು ನಿಮಿಷ ಒಟ್ಟಿಗೆ ಕೂರಿಸಿ ಮೂರು ಮಾತು ಹೇಳಿ. ತಪ್ಪು ಓದಿದರೆ ತಿದ್ದಬೇಡಿ. ಮಗು ನಿಂತುಬಿಟ್ಟರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೂ ಬರದಿದ್ದರೆ ಸಹಾಯ ಮಾಡಿ. ಮುಗಿದ ಮೇಲೆ ಕಥೆಯ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿ. "ಅವನು ನೋಡು ಎಷ್ಟು ಚೆನ್ನಾಗಿ ಓದ್ತಾನೆ" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಇದನ್ನು ಅಪ್ಪಂದಿರಿಗೆ ಎರಡು ಸಲ ಹೇಳಬೇಕಾಗುತ್ತದೆ.

ಹಬ್ಬದ ದಿನ

ಶಾಮಿಯಾನ ಬೇಡ, ಮೈಕೂ ಬೇಡ. ಹುಣಸೆ ಮರದ ಕೆಳಗೆ, ಜಗುಲಿಯಲ್ಲಿ, ಬಾವಿಕಟ್ಟೆಯಿಂದ ದೂರದ ನೆರಳಿನಲ್ಲಿ ಚಾಪೆ ಹಾಸಿ. ಜೋಡಿ ಜೋಡಿಗೆ ನಾಲ್ಕಾರು ಅಡಿ ಅಂತರ ಇರಲಿ. ಹತ್ತು ಗಂಟೆಗೆ ಒಂದು ಹಾಡು, ಹತ್ತೂಕಾಲಿಗೆ ಓದು ಶುರು. ಮೊದಲ ಸುತ್ತು ಹದಿನೈದು ನಿಮಿಷ. ಆಮೇಲೆ ಕೇಳುವವರು ಬದಲಾಗಲಿ, ಇನ್ನೊಂದು ಸುತ್ತು. ಎರಡನೇ ಸಲ ಅದೇ ಕಥೆಯನ್ನು ಓದುವಾಗ ಮಕ್ಕಳ ಬೆನ್ನು ನೆಟ್ಟಗಾಗಿರುತ್ತದೆ, ದನಿ ಏರಿರುತ್ತದೆ. ನಿಂತು ನೋಡಿ.

ಅಕ್ಷರವೇ ಇನ್ನೂ ಕೂಡದ ಮಕ್ಕಳು ಚಿತ್ರ ನೋಡಿ ಕಥೆ ಹೇಳಲಿ. ಅದೂ ಓದೇ.

ಆರು, ಏಳನೇ ತರಗತಿಯವರಿಗೆ ನಾವು ಒಂದು ಮೂಲೆಯಲ್ಲಿ ಹಲ್ಮಿಡಿ ಕಲ್ಲಿನ ಚಿತ್ರ ಇಡುತ್ತೇವೆ. ಹಲ್ಮಿಡಿ ನಮ್ಮ ತಾಲ್ಲೂಕಿನದೇ ಊರು. ಅಲ್ಲಿ ಸಿಕ್ಕ 16 ಸಾಲಿನ ಶಾಸನ ಕ್ರಿ.ಶ. 450ರ ಸುಮಾರಿನದು, ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಗುರುತಿಸಿದರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಪ್ರತಿಕೃತಿ ಇದೆ. ಅದರ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಮೇಲೆ ಟ್ರೇಸಿಂಗ್ ಹಾಳೆ ಹಾಕಿ ಮಕ್ಕಳಿಂದ ಅಕ್ಷರ ಬರೆಸಿ. "ಇದು ನಮ್ಮ ಕ ಥರ ಇಲ್ವಲ್ಲ" ಅನ್ನುತ್ತಾರೆ. ಹೀಗಿದ್ದದ್ದು ಹೀಗಾಯಿತು ಎಂದು ತೋರಿಸಲು ಅಲ್ಲಿಂದ ದಾರಿ ಸಿಗುತ್ತದೆ. ಚನ್ನರಾಯಪಟ್ಟಣದ ಕಡೆಯವರಿಗೆ ಶ್ರವಣಬೆಳಗೊಳದ ಬಂಡೆಗಳ ತುಂಬ ಶಾಸನಗಳಿವೆ.

ಚಿಕ್ಕಮಗಳೂರಿನವರು ಬೇರೆ ಮೂಲೆ ಮಾಡಬಹುದು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಬರೆದವರು, ಹಕ್ಕಿಗಳ ಫೋಟೋ ತೆಗೆದವರು. ಶಾಲೆ ಸುತ್ತ ಕಾಣುವ ಹಕ್ಕಿಗಳಿಗೆ ಮಕ್ಕಳು ತಮ್ಮ ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಪಟ್ಟಿ ಮಾಡಿ ಓದಲಿ. ಇನ್ನು ಹಾಸನದ ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾನು ತರಗತಿಯಲ್ಲಿ ಪೇಪರ್ ಹಿಡಿದು ಓದಿದ್ದೆ. "ಹಾಸನ ಅಂದ್ರೆ ನಮ್ಮ ಹಾಸನಾನಾ?" ಎಂದು ಕೇಳಿದರು. ಬರೆಯುವವರು ನಮ್ಮ ಬಸ್ಸು ಹೋಗುವ ಊರಿನಲ್ಲೇ ಇದ್ದಾರೆ ಎಂದು ಮಕ್ಕಳಿಗೆ ಗೊತ್ತಾಗಬೇಕು.

ಕೊನೆಯ ಅರ್ಧ ಗಂಟೆ ಮಾತ್ರ ಸಭೆ. ಅತಿಥಿಗೆ ಮೂರು ನಿಮಿಷ, ಇದನ್ನು ಕರೆಯುವಾಗಲೇ ನಯವಾಗಿ ಹೇಳಿ.

ಸಾಧನೆಯನ್ನು ಹೇಳುವುದು ಹೇಗೆ

ಪ್ರತಿಭಾ ಕಾರಂಜಿಯಲ್ಲಿ ಗೆದ್ದವರಿರುತ್ತಾರೆ, ನವೋದಯ, ಮೊರಾರ್ಜಿ ಶಾಲೆಗೆ ಆಯ್ಕೆಯಾದವರಿರುತ್ತಾರೆ. ಅವರ ಹೆಸರನ್ನು ಖುಷಿಯಿಂದ ಹೇಳಿ, ಚಪ್ಪಾಳೆ ಹೊಡೆಸಿ. ಅದಕ್ಕೇ ನಿಲ್ಲಿಸಬೇಡಿ.

ಎಲ್ಲ ಮಕ್ಕಳಿಗೂ ಒಂದೊಂದು ಪತ್ರ ಕೊಡಿ. ಅದರಲ್ಲಿ ನಿಮ್ಮ ನೋಟ್‌ಬುಕ್ಕಿನಿಂದ ತೆಗೆದ ಒಂದು ನಿಜವಾದ ಸಾಲು ಇರಲಿ. "ಉತ್ತಮ ಸಾಧನೆಗಾಗಿ" ಎಂದು ಛಾಪಿಸಿದ ಸರ್ಟಿಫಿಕೇಟ್ ಯಾವ ಮಗುವಿಗೂ ಏನೂ ಹೇಳುವುದಿಲ್ಲ. ನಾವು ಬರೆದ ಕೆಲವು ಸಾಲುಗಳು:

"ಸೆಪ್ಟೆಂಬರ್‌ನಲ್ಲಿ ಒತ್ತಕ್ಷರ ಬಿಟ್ಟು ಓದುತ್ತಿದ್ದೆ. ಈಗ ಕತ್ತೆಯನ್ನು ಕತ್ತೆ ಎಂದೇ ಓದುತ್ತೀಯ."

"ನಿನ್ನ ತಂಗಿಗೆ ದಿನಾ ಒಂದು ಪುಟ ಓದಿ ಹೇಳಿದೆ."

"ಗೊತ್ತಾಗಲಿಲ್ಲ ಎಂದು ಕೈ ಎತ್ತಿ ಹೇಳುವ ಧೈರ್ಯ ಮಾಡಿದೆ."

"ಮಳೆಗಾಲದಲ್ಲೂ ಮೂರು ಕಿಲೋಮೀಟರ್ ನಡೆದು ಬಂದೆ."

46 ಸಾಲು ಬರೆಯಲು ನಮಗೆ ಎರಡು ಸಂಜೆ ಹಿಡಿಯಿತು. ಒಂದು ಮಗುವಿನ ಪುಟ ಖಾಲಿ ಇತ್ತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾರನೇ ದಿನ ಅವಳ ಪಕ್ಕ ಹೋಗಿ ಕೂತೆ. ಅರ್ಧ ಗಂಟೆಯಲ್ಲಿ ಬರೆಯಲು ಸಾಲು ಸಿಕ್ಕಿತು. ನಿಮ್ಮಲ್ಲೂ ಯಾರದಾದರೂ ಪುಟ ಖಾಲಿ ಕಂಡರೆ, ಮೊದಲು ಹೋಗಬೇಕಾದದ್ದು ಆ ಮಗುವಿನ ಹತ್ತಿರ.

ಬಹುಮಾನಕ್ಕೆ ಸ್ಟೀಲ್ ಲೋಟ, ತಟ್ಟೆ ಬೇಡ. ಪುಸ್ತಕ ಕೊಡಿ, ಮಗುವೇ ಆರಿಸಿಕೊಳ್ಳಲಿ. ಮಕ್ಕಳ ತೆಳು ಪುಸ್ತಕಗಳು 50 ರೂಪಾಯಿ ಆಸುಪಾಸಿಗೆ ಸಿಗುತ್ತವೆ. 46ಕ್ಕೆ 2,300 ರೂಪಾಯಿ. ಶಾಮಿಯಾನ, ಮೈಕು, ಹಾರ ತುರಾಯಿ ಬಿಟ್ಟಿದ್ದರಿಂದ ನಮಗೆ ಆ ದುಡ್ಡು ಉಳಿಯಿತು. ಉಳಿದ ಖರ್ಚು ಹಾಳೆ, ದಾರ, ಬಣ್ಣದ ಪೆನ್ಸಿಲ್. ಹಳೇ ವಿದ್ಯಾರ್ಥಿಗಳನ್ನು ಕೇಳಿದರೆ ಅದನ್ನು ಅವರೇ ತಂದುಕೊಡುತ್ತಾರೆ.

ಸೋಮವಾರ ಏನು ಮಾಡುತ್ತೀರಿ?

ಹಬ್ಬ ಮುಗಿದ ಸೋಮವಾರ ದಾರ ಬಿಚ್ಚಬೇಡಿ. ಪುಸ್ತಕಗಳು ಅಲ್ಲೇ ಇರಲಿ. ಊಟದ ನಂತರದ ಹದಿನೈದು ನಿಮಿಷ ದಿನಾ ಓದಿಗೆ ಮೀಸಲಿಡಿ. ಆಗ ಟೀಚರ್ ಕೂಡ ಒಂದು ಪುಸ್ತಕ ಹಿಡಿದು ಕೂರಬೇಕು, ಹಾಜರಿ ಪುಸ್ತಕ ತುಂಬಬಾರದು. ಕೇಳಲು ಬಂದವರಲ್ಲಿ ಮೂರ್ನಾಲ್ಕು ಜನರನ್ನು ತಿಂಗಳಿಗೊಮ್ಮೆ ಬರಲು ಒಪ್ಪಿಸಿ. ನಮ್ಮಲ್ಲಿ ಪೋಸ್ಟ್‌ಮ್ಯಾನ್ ಒಪ್ಪಿದ್ದಾರೆ. ಟಪಾಲು ಹಂಚಿ ವಾಪಸು ಹೋಗುವಾಗ ಸೈಕಲ್ ನಿಲ್ಲಿಸಿ ಒಂದು ಕಥೆ ಕೇಳಿ ಹೋಗುತ್ತಾರೆ.

ಬೀರುವಿನ ಕೀಲಿಯನ್ನು ಏಳನೇ ತರಗತಿಯ ಇಬ್ಬರಿಗೆ ಕೊಟ್ಟಿದ್ದೇವೆ. ಯಾರು ಯಾವ ಪುಸ್ತಕ ಮನೆಗೆ ಒಯ್ದರು ಎಂದು ಅವರೇ ಬರೆದಿಡುತ್ತಾರೆ. ಮೊದಲ ವರ್ಷ ನಾಲ್ಕು ಪುಸ್ತಕ ವಾಪಸು ಬರಲಿಲ್ಲ. ಎರಡು ಮಳೆಯಲ್ಲಿ ನೆನೆದಿದ್ದವು, ಒಂದನ್ನು ಕರು ತಿಂದಿತ್ತು. ನಾಲ್ಕನೆಯದು, ಅವತ್ತು ಕುರ್ಚಿ ಪಕ್ಕ ಬಂದು ನಿಂತಿದ್ದನಲ್ಲ, ಆ ಹುಡುಗನ ಮನೆಯಲ್ಲಿತ್ತು. ಕೇಳಲು ಹೋದಾಗ ಅವನ ಅಮ್ಮ, "ರಾತ್ರಿ ನಂಗೆ ಓದ್ತಾನೆ ಟೀಚರ್, ಇನ್ನೂ ಸ್ವಲ್ಪ ಬಾಕಿ ಇದೆ" ಅಂದರು. ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆ.